ದೊಡ್ಡಮ್ಮ ಹೆಸರು ಹಿಡಿದು ಕರದ್ಲು

ನೋಡ್ರಪ್ಪಾ, ಈಗ ಸಂಜಿಗೆ ನಮ್ಮ ಹಡಗಲಿ ಮನ್ಯಾಗ ಆಗಿದ್ದಿದು. ನನಗಿನ್ನೂ ಮೈ ಜುಮ್ ಅಂತೈತಿ.

ನಾಡಿದ್ದು ತಂಗಿ ಶಿಲ್ಪಾಳ ಮದುವಿ. ತಾಳಿ ಕಟ್ಟಿದ ಮ್ಯಾಲೆ ಗಂಡು-ಹೆಣ್ಣು ಇಬ್ರೂ ತಾವಾ ಬರದ ಮಾತನ್ನ ಮೈಕಿನ್ಯಾಗ ಹೇಳಿ, ಒಬ್ರಿಗೊಬ್ರು ವಚನ ಕೊಡ್ತಾರಂತ. ಆಕಿ ಮೊಬೈಲ್ ಹಿಡಕೊಂಡು ಓದಿ ನೋಡಾಕತ್ತಿದ್ಲು: "ಮಂಜುನಾಥ, ನಿಮ್ಮ ಕಷ್ಟದಾಗ ನಾನು..."

ಮಲ್ಲಿಗಿ ಕಟ್ಟಾಕತ್ತಿದ್ದ ದೊಡ್ಡಮ್ಮ ಸಿಡಿದ್ಲು. "ಗಂಡನ ಹೆಸರು ಬಾಯಾಗ ತರ್ತಾರೇನ? ಅದೂ ಮೈಕಿನ್ಯಾಗ?"

ನಮ್ಮ ದೊಡ್ಡಪ್ಪನ ಹೆಸರು ಕೊಟ್ರಪ್ಪ. ಅದರ ಹತ್ತಿರದ ಶಬ್ದನೂ ಬಾಯಾಗ ಬರಬಾರದಂತ ಈಕಿ ಕೊಟ್ಟೂರಿಗೇ "ದೇವರ ಊರು" ಅನ್ನಾಕಿ!

ಶಿಲ್ಪಾನೂ ಬಿಡ್ಲಿಲ್ಲ. "ಹೆಸರು ಹೇಳದಿದ್ರ ಆ ಮಾತು ಯಾರಿಗೆ ಕೊಟ್ಟಂಗಾತು, ದೊಡ್ಡಮ್ಮ?"

ದೊಡ್ಡಮ್ಮ ಮಲ್ಲಿಗಿ ಕೆಳಗಿಟ್ಲು. ಎದ್ದು ಸೆರಗು ಸರಿ ಮಾಡಿಕೊಂಡು, ಕಟ್ಟಿ ಮ್ಯಾಲೆ ಕುಂತಿದ್ದ ದೊಡ್ಡಪ್ಪನ ಮುಂದ ಹೋಗಿ ನಿಂತ್ಲು.

"ಕೊಟ್ರಪ್ಪ... ನಾ ಎಷ್ಟ ಬೈದ್ರೂ ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ರಿ."

ಜೀವನ ಪೂರ್ತಿ "ಏನ್ರೀ" ಅಂತ ಕರದ್ರ ಕುಂತಲ್ಲೇ "ಹೂಂ" ಅಂದ ಮನುಷ್ಯಾ, ಸಾಲಿ ಹುಡುಗನಂಗ ಎದ್ದು ನಿಂತ. ಕಣ್ಣು ತುಂಬಿದ್ವು.

ಶಿಲ್ಪಾ ಬರದಿದ್ದೆಲ್ಲಾ ಅಳಿಸಿ ಮೊದಲಿಂದ ಬರಿಯಾಕ ಕುಂತಾಳ.

ನಮ್ಮ ದೊಡ್ಡಪ್ಪಗ ಅಡಿಗಿಮನ್ಯಾಗ ಪಿಸುಗುಟ್ಟಿದ್ರೂ ಕೇಳತೈತ್ರಿ. ಇವತ್ತು ಮಾತ್ರ ಯಾಕೋ ಕಿವಿ ಮಂದ ಆಗ್ಯಾವಂತ. "ಏನಂದಿ? ಸರಿ ಕೇಳಲಿಲ್ಲ, ಇನ್ನೊಮ್ಮಿ ಅನ್ನು" ಅಂತ ದೊಡ್ಡಮ್ಮನ ಬೆನ್ನು ಹತ್ಯಾನ.