ಹೊಸ ಫ್ರಿಜ್ಜಿನ ಬೋಳು ಬಾಗಿಲು

ಯಾರ ಮನೆಗೆ ಹೋದರೂ ಲೋರ್ನಾ ಸೇಯರ್‌ಳ ಕಣ್ಣು ಮೊದಲು ಹೋಗುವುದು ಅಡುಗೆಮನೆಯ ಫ್ರಿಜ್ಜಿನ ಕಡೆಗೆ. ಊಟಕ್ಕೆ ಕರೆದವರು ಪಾಪ, ಇವಳು ಹಸಿದು ಬಂದಿದ್ದಾಳೆ ಅಂದುಕೊಳ್ಳುತ್ತಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಗಣಿ ಊರುಗಳಲ್ಲಿ ಇಪ್ಪತ್ತೆರಡು ವರ್ಷ ಆಂಬ್ಯುಲೆನ್ಸಿನಲ್ಲಿ ದುಡಿದವಳ ಚಾಳಿ ಅದು. ಹೃದಯ ನಿಂತರೆ ಎದೆ ಒತ್ತಿ ಎಬ್ಬಿಸಬೇಡಿ, ಹೋಗಲು ಬಿಡಿ ಎಂದು ರೋಗಿಯೂ ವೈದ್ಯರೂ ಸಹಿ ಹಾಕಿದ ಗುಲಾಬಿ ಕಾಗದವನ್ನು ಅಲ್ಲಿ ಜನ ಫ್ರಿಜ್ಜಿನ ಬಾಗಿಲಿಗೇ ಅಯಸ್ಕಾಂತದಿಂದ ಅಂಟಿಸಿರುತ್ತಾರೆ. ಕಾಗದ ಸಿಕ್ಕರೆ ಸುಮ್ಮನಿರಬೇಕು, ಸಿಗದಿದ್ದರೆ ಎದೆ ಒತ್ತಲು ಶುರು ಮಾಡಬೇಕು.

ಎಮೆಟ್ ಕಟ್ಲಿಪ್ ಮೂವತ್ತೊಂದು ವರ್ಷ ಕಲ್ಲಿದ್ದಲು ಅಗೆದು, ಅದರ ಧೂಳನ್ನು ಎದೆಯಲ್ಲಿ ತುಂಬಿಕೊಂಡು ಮನೆ ಸೇರಿದವನು. ನವೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಾಗ ಎತ್ತಿ ಕೂರಿಸಿದ್ದು ಲೋರ್ನಾಳೇ. ಅವನ ಹೆಂಡತಿ ಓಪಲ್ ಬಿಡದೆ ಅವಳನ್ನು ಊಟಕ್ಕೆ ಕೂರಿಸಿದ್ದಳು. ಎಮೆಟ್ ಏದುಸಿರು ಬಿಡುತ್ತ ಫ್ರಿಜ್ಜಿನ ಮೇಲಿದ್ದ ತನ್ನ ಗುಲಾಬಿ ಕಾಗದದ ಕಡೆ ಬೆರಳು ತೋರಿಸಿದ.

"ಅದನ್ನ ಓದಿದ್ಯಾ?"

"ಓದ್ದೆ."

"ಓದಿದ್ರೆ ಸಾಲ್ದು, ನೆನಪಿಟ್ಕೊ. ನಮ್ಮಣ್ಣ ಆ ಉಸಿರಾಡ್ಸೋ ಮಷೀನಿಗೆ ಕಟ್ಟಿಸ್ಕೊಂಡು ಸತ್ತಿದ್ದು ನೋಡಿದೀನಿ ನಾನು. ನನ್ನ ಎದೆ ಮೇಲೆ ಕೈ ಇಟ್ಯೋ, ದೆವ್ವ ಆಗಿ ಬಂದು ನಿನ್ನ ಗಾಡಿ ಟಯರ್ ಗಾಳಿ ತೆಗೀತೀನಿ."

"ಆ ಡಕೋಟ ಗಾಡಿ ಟಯರಲ್ಲಿ ಗಾಳಿ ಇದ್ರೆ ತಾನೇ ತೆಗೆಯೋದು?"

"ಸಾಯೋ ಮಾತು ಸಾಕು, ಇಬ್ರೂ ಉಣ್ಣಿ" ಎಂದು ಓಪಲ್ ಗದರಿದಳು. ಲೋರ್ನಾ ನಗುತ್ತಲೇ, "ಆಯ್ತು, ಮುಟ್ಟಲ್ಲ" ಎಂದು ಅವನಿಗೆ ಮಾತು ಕೊಟ್ಟಳು.

ಕ್ರಿಸ್‌ಮಸ್ಸಿಗೆ ಎಮೆಟ್ ದಂಪತಿಗೆ ಅವರ ಮಗಳು ಟ್ರೀನಾ ಹೊಸ ಫ್ರಿಜ್ ಕೊಡಿಸಿದಳು. ಫಳಫಳ ಹೊಳೆಯುವ ಸ್ಟೀಲಿನ ಬಾಗಿಲು. ಪ್ರೀತಿಯಿಂದಲೇ ಕೊಡಿಸಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸ್ಟೀಲಿಗೆ ಅಯಸ್ಕಾಂತ ಅಂಟುತ್ತಿರಲಿಲ್ಲ. ಟೇಪ್ ಹಾಕಿದರೆ ಕಲೆಯಾದೀತು ಎಂದು ಓಪಲ್ ಮೊಮ್ಮಕ್ಕಳ ಫೋಟೊ, ಚರ್ಚಿನ ಕ್ಯಾಲೆಂಡರ್, ಗುಲಾಬಿ ಕಾಗದ ಎಲ್ಲವನ್ನೂ ಒಂದು ಡ್ರಾಯರಿಗೆ ತುರುಕಿದಳು.

ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಎಮೆಟ್ ಕುರ್ಚಿಯಿಂದ ನೆಲಕ್ಕುರುಳಿದ. ಹೀಗಾದರೆ ಆಂಬ್ಯುಲೆನ್ಸ್ ಕರೆಯಬೇಡಿ, ನನಗೆ ಫೋನ್ ಮಾಡಿ ಎಂದು ಮನೆಗೆ ಬರುವ ನರ್ಸ್ ಹತ್ತು ಸಲ ಹೇಳಿದ್ದಳು. ಕಣ್ಣೆದುರು ಗಂಡ ಬಿದ್ದಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ? ಓಪಲ್ ಆಂಬ್ಯುಲೆನ್ಸಿಗೇ ಫೋನ್ ಮಾಡಿದಳು.

ಲೋರ್ನಾ ಒಳಗೆ ಬಂದವಳೇ ಫ್ರಿಜ್ಜಿನ ಬೋಳು ಬಾಗಿಲನ್ನು ನೋಡಿದಳು. ಎಮೆಟ್‌ನ ನಾಡಿ ನಿಂತಿತ್ತು.

"ಓಪಲ್, ಆ ಕಾಗದ ಎಲ್ಲಿ?"

"ಇಲ್ಲೇ ಇಟ್ಟಿದ್ನಲ್ಲಮ್ಮಾ... ಅಯ್ಯೋ ದೇವ್ರೇ, ಇಲ್ಲೇ ಇತ್ತು!"

ಅವಳು ಒಂದೊಂದೇ ಡ್ರಾಯರ್ ಎಳೆದು ನೆಲಕ್ಕೆ ಸುರಿಯತೊಡಗಿದಳು. ಲೋರ್ನಾ ಆಸ್ಪತ್ರೆಯ ವೈದ್ಯರಿಗೆ ಫೋನ್ ಹಚ್ಚಿದಳು.

"ಡಾಕ್ಟ್ರೇ, ಮುಟ್ಬೇಡಿ ಅಂತ ಕಾಗದ ಇದೆ. ನಾನೇ ಕಣ್ಣಾರೆ ನೋಡಿದೀನಿ."

"ಈಗ ನಿಮ್ಮ ಕೈಲಿದ್ಯಾ?"

"ಇಲ್ಲ."

"ಹಾಗಾದ್ರೆ ಶುರು ಮಾಡಿ."

ಬೆಚ್ಚಗೆ ಕೂತು ಹೇಳುವವರಿಗೇನು! ಜೊತೆಗಾರ ಡ್ವೈಟ್ ಮೊಣಕಾಲೂರಿ ಕೈ ಚಾಚಿದ್ದ. "ಜರುಗು, ನಾನೇ ಮಾಡ್ತೀನಿ" ಎಂದಳು ಲೋರ್ನಾ. ಮಾತು ಮುರಿಯುವುದೇ ಆದರೆ ಬೇರೆಯವರ ಕೈಯಲ್ಲಿ ಮುರಿಸಲು ಅವಳಿಗೆ ಮನಸ್ಸಾಗಲಿಲ್ಲ. ಮೂರನೇ ಸಲ ಒತ್ತಿದಾಗ ಪಕ್ಕೆಲುಬು ಲಟಕ್ಕೆಂದಿತು. ಹಾಳಾಗಿ ಹೋಗಲಿ ಎಂದು ಒಳಗೊಳಗೇ ಬೈದುಕೊಳ್ಳುತ್ತಲೇ ಒತ್ತಿದಳು, ಬೇಕಾದಷ್ಟು ಆಳ, ಬೇಕಾದಷ್ಟು ವೇಗ. ಆ ಕೆಲಸವನ್ನು ಕೆಟ್ಟದಾಗಿ ಮಾಡಲು ಅವಳಿಗೆ ಬರುತ್ತಿರಲಿಲ್ಲ.

ಒಂಬತ್ತನೇ ನಿಮಿಷಕ್ಕೆ ನಾಡಿ ಮರಳಿತು. ಅಷ್ಟರಲ್ಲಿ ಓಪಲ್ ಮುದುಡಿದ ಗುಲಾಬಿ ಕಾಗದ ಹಿಡಿದು ಓಡಿ ಬಂದಳು. ನಿಂತ ಹೃದಯವನ್ನು ಎಬ್ಬಿಸಬೇಡಿ ಎಂದು ಅದರಲ್ಲಿ ಬರೆದಿತ್ತು. ಬಡಿಯುತ್ತಿರುವ ಹೃದಯವನ್ನು ನಿಲ್ಲಿಸಿ ಎಂದು ಯಾವ ಕಾಗದದಲ್ಲಿ ಬರೆದಿರುತ್ತದೆ?

ಆಸ್ಪತ್ರೆಯಲ್ಲಿ ಮಷೀನು ತೆಗೆಯುವ ಮಾತು ಬಂದಾಗ ಟ್ರೀನಾ, "ದೇವ್ರೇ ವಾಪಸ್ ಕಳಿಸಿದಾನೆ, ನೀವ್ಯಾರು ಬೇಡ ಅನ್ನೋಕೆ?" ಎಂದು ಜಗಳಕ್ಕೆ ನಿಂತಳು. ಗಂಟಲಿಗೆ ಇಳಿಸಿದ್ದ ಉಸಿರಿನ ನಳಿಗೆ ತೆಗೆಯಲು ಹನ್ನೆರಡು ದಿನ ಬೇಕಾಯಿತು. ಆಮೇಲೆ ಅವನನ್ನು ವೃದ್ಧರ ಶುಶ್ರೂಷೆಯ ಮನೆಗೆ ಸಾಗಿಸಿದರು. ಇತ್ತ ಆಂಬ್ಯುಲೆನ್ಸ್ ಕಚೇರಿಯವರು ಜೀವ ಉಳಿಸಿದವಳೆಂದು ಲೋರ್ನಾಳಿಗೆ ಚಪ್ಪಾಳೆ ತಟ್ಟಿ, ಅಂಗಿಗೆ ಬಿಲ್ಲೆ ಚುಚ್ಚಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಎಮೆಟ್‌ನನ್ನು ನೋಡಲು ಹೋದಾಗ ಓಪಲ್ ಎದ್ದು ತಬ್ಬಿಕೊಂಡಳು. "ನಿನ್ನ ಉಪಕಾರ ಮರೆಯಲ್ಲ ಕಣಮ್ಮಾ. ಎಮೆಟ್, ನೋಡಿ ಯಾರು ಬಂದಿದಾರೆ! ನಿಮ್ಮನ್ನ ಉಳಿಸಿದ್ದು ಇವಳೇ."

ಎಮೆಟ್ ಅವಳ ಕಡೆ ತಲೆ ತಿರುಗಿಸಿದ. ದನಿ ಪಿಸುಮಾತಿನಷ್ಟೇ ಉಳಿದಿತ್ತು.

"ನೀನೇನಾ ಒತ್ತಿದ್ದು?"

"ನಾನೇ."

"ನಿಂಗೆ ಗೊತ್ತಿತ್ತು."

ಕಾಗದ ಸಿಗಲಿಲ್ಲ, ನಿಯಮ ಹಾಗಿದೆ, ಡಾಕ್ಟರು ಹೇಳಿದರು. ಎಲ್ಲವೂ ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿತ್ತು, ಎಮೆಟ್" ಎಂದಳು.

ಅವನು ಗೋಡೆಯ ಕಡೆ ತಿರುಗಿದ. ಇನ್ನೂ ನಲವತ್ತೊಂದು ದಿನ ಬದುಕಿದ. ಪ್ರತಿ ಭಾನುವಾರ ಲೋರ್ನಾ ಹೋಗಿ ಹಾಸಿಗೆಯ ಪಕ್ಕ ಕೂತಳು. ಅವನು ಒಂದು ದಿನವೂ ಅವಳ ಕಡೆ ತಿರುಗಲಿಲ್ಲ.