ಗೋದಾವರಿಯ ಮಂಜಿನಲ್ಲಿ ಕೇಳಿದ ಮಾತು

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಹುಣಸೆ ಮರದಲ್ಲಿ ಏನೋ ಕಂಡೆ ಎಂದು ಹೆದರಿ ಬಂದ ಮಕ್ಕಳಿಗೆ, "ಏನೂ ಇಲ್ಲ, ಹೋಗಿ ನೀರು ಕುಡಿದು ಬರ್ರಿ" ಎಂದು ಕಳಿಸುತ್ತಿದ್ದೆ. ಸತ್ತವರ ದನಿ ಕೇಳಿಸಿತು ಎಂದು ನಮ್ಮ ಬಳಗದಲ್ಲಿ ಯಾರಾದರೂ ಹೇಳಿದರೆ ಎದುರಿಗೆ ಹೂಂ ಎಂದು, ಬೆನ್ನ ಹಿಂದೆ ನಕ್ಕಿದ್ದೇನೆ. ಇದನ್ನು ಓದಿ ನೀವೂ ನಕ್ಕರೆ ಬೇಸರ ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಆಗ ನಾವು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ, ರೈಲ್ವೆಯವರೊಬ್ಬರ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದೆವು. ನನ್ನ ಗಂಡ ಗಿರೀಶ್ ಅವರಿಗೆ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆ ವರ್ಷಗಳಲ್ಲಿ ಅಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು. ಬೆಳಿಗ್ಗೆ ಕಂಪನಿಯ ಕ್ಯಾಬು ಹತ್ತಿ ಹೋದವರು ಊರಿನ ಆ ತುದಿಯಿಂದ ಈ ತುದಿಗೆ ಮರಳುವಷ್ಟರಲ್ಲಿ ಸುಸ್ತಾಗಿ ಹೋಗಿರುತ್ತಿದ್ದರು. ನಾನು ಮನೆಯ ಹತ್ತಿರದ ಶಾಲೆಯಲ್ಲಿದ್ದೆ. ಹುಬ್ಬಳ್ಳಿ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರಲ್ಲ, ಮನೆಯಲ್ಲಿ ಇವರೂ ನನ್ನನ್ನು ತಮಾಷೆಗೆ 'ಅಕ್ಕೋರ' ಎಂದೇ ಕರೆಯುತ್ತಿದ್ದರು.

ನಮಗೆ ಮಕ್ಕಳಿರಲಿಲ್ಲ. ಡಾಕ್ಟರು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗ ಇವರು ಆಫೀಸಿನ ಹತ್ತಿರದ ಯಾವುದೋ ಲ್ಯಾಬಿನಲ್ಲಿ ಮಾಡಿಸಿಕೊಂಡು ಬಂದು, "ನಂದೆಲ್ಲಾ ಸರಿ ಐತಂತ" ಎಂದಿದ್ದರು. ಅವರ ಮಾತನ್ನು ಡಾಕ್ಟರೂ ನಂಬಿದರು, ನಾನೂ ನಂಬಿದೆ. ಅಲ್ಲಿಂದ ಗುಳಿಗೆ, ಇಂಜೆಕ್ಷನ್ನು ಎಲ್ಲವೂ ನನ್ನ ಪಾಲಿಗೆ ಬಂದವು. ಹುಬ್ಬಳ್ಳಿಗೆ ಹೋದರೆ ಅತ್ತೆ ಊಟಕ್ಕೆ ಬಡಿಸುತ್ತ, "ಹೊಲಾನ ಸರಿ ಇಲ್ಲಂದ್ರ ಬಿತ್ತಾಂವ ಏನು ಮಾಡ್ಯಾನು" ಅನ್ನುವರು. ಇವರು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ತಾಯಿಯ ಎದುರು ಮಾತಾಡದ ಮನುಷ್ಯ ಎಂದು ನಾನು ಅದನ್ನೂ ಒಳ್ಳೆಯ ಗುಣವೆಂದೇ ಎಣಿಸಿಕೊಂಡೆ.

ಆ ವರ್ಷ ಸಂಕ್ರಾಂತಿಯ ರಜೆಗೆ ಗೋದಾವರಿಯಲ್ಲಿ ಲಾಂಚಿನ ಪ್ರವಾಸ ಹೋಗೋಣ ಎಂದವರು ಇವರೇ. ಭದ್ರಾಚಲದ ಆಚೆ ಲಾಂಚು ಹತ್ತಿ, ಪಾಪಿಕೊಂಡಲು ಬೆಟ್ಟಗಳ ನಡುವೆ ಹಾದು, ದಡದ ಬಿದಿರಿನ ಗುಡಿಸಿಲುಗಳಲ್ಲಿ ತಂಗುತ್ತ, ನಿಧಾನವಾಗಿ ರಾಜಮಂಡ್ರಿ ಮುಟ್ಟುವುದು. "ನಿನ್ನ ಮನಸ್ಸಿಗೆ ಸ್ವಲ್ಪ ಹಗುರ ಆಗ್ತೈತಿ" ಎಂದಿದ್ದರು. ಮದುವೆಯಾದ ಮೇಲೆ ಇಬ್ಬರೇ ಅಷ್ಟು ದೂರ ಹೋದದ್ದು ಅದೇ ಮೊದಲು. ನಾನು ಹೊಸ ಶಾಲು ಕೊಂಡಿದ್ದೆ.

ಮೊದಲ ದಿನ ಚೆನ್ನಾಗಿತ್ತು. ಮೇಲಂತಸ್ತಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ವರಂಗಲ್ಲಿನ ಒಬ್ಬ ಅಜ್ಜಿ, ಮಗಳ ಸಂಸಾರದ ಜೊತೆ ಬಂದವರು, ನಮ್ಮ ಪಕ್ಕದಲ್ಲೇ ಕೂತು ಡಬ್ಬಿಯಿಂದ ಅರಿಸೆಲು ತೆಗೆದು ತೆಗೆದು ಕೊಟ್ಟರು. ಕಜ್ಜಾಯದಂಥ ಆ ತಿನಿಸನ್ನು ಇವರು ಕೇಳಿ ಹಾಕಿಸಿಕೊಂಡರು, ನಕ್ಕರು, ನನ್ನ ಫೋಟೋ ತೆಗೆದರು.

ಮರುದಿನ ಬೆಳಿಗ್ಗೆ ಹೊರಟಾಗ ಹೊಳೆಯ ಮೇಲೆ ಮಂಜು ದಟ್ಟವಾಗಿತ್ತು. ದಡ ಕಾಣುತ್ತಿರಲಿಲ್ಲ. ಲಾಂಚು ಆಗಾಗ ಹಾರ್ನ್ ಹಾಕುತ್ತ ತೆವಳಿದ ಹಾಗೆ ಹೋಗುತ್ತಿತ್ತು. ನಾನು ಕಟಕಟೆ ಹಿಡಿದು ನಿಂತಿದ್ದೆ. ಇವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಚಹಾದ ಗ್ಲಾಸು ಹಿಡಿದು ನಿಂತಿದ್ದರು. ಅಜ್ಜಿ ನಮ್ಮ ಹಿಂದೆಯೇ ಕುರ್ಚಿಯಲ್ಲಿದ್ದರು.

ಎದುರಿನಿಂದ ಒಂದು ಸಣ್ಣ ದೋಣಿ ಬಂತು. ಮೀನುಗಾರರ ದೋಣಿಯಂಥದ್ದು. ಲಾಂಚು ನಡೆಸುವವನು ಕೆಳಗಿನಿಂದ ಜೋರಾಗಿ ಬೈದು ಹಾರ್ನ್ ಒತ್ತಿದ, ಅಷ್ಟು ಸಮೀಪಕ್ಕೆ ಬಂದಿತ್ತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ನಮಗೆ ಬೆನ್ನು ಮಾಡಿ, ಒಬ್ಬರಿಗೊಬ್ಬರು ಒರಗಿ ಕೂತಿದ್ದರು. ಹುಟ್ಟು ಹಾಕುವವರು ಯಾರೂ ನನಗೆ ಕಾಣಲಿಲ್ಲ. ಮಂಜಿನಲ್ಲಿ ಕಾಣದೆ ಹೋಗಿರಬಹುದು.

ಆ ಗಂಡಸು ಮಾತಾಡುತ್ತಿದ್ದ. ಗೋದಾವರಿಯ ನಡು ಹೊಳೆಯಲ್ಲಿ, ನಮ್ಮ ಹುಬ್ಬಳ್ಳಿಯ ಕನ್ನಡ. ದನಿ ಗಿರೀಶ್ ಅವರದು.

"ಅಕ್ಕೋರ, ತಪ್ಪು ನಿಂದಲ್ಲ, ನಂದು. ಮಕ್ಕಳಾಗದಿರೋದು ನನ್ನಿಂದ. ನನಗ ಭಾಳ ದಿನದಿಂದ ಗೊತ್ತೈತಿ. ನೀ ಸೂಜಿ ಚುಚ್ಚಿಸ್ಕೊಂಡು ಬಂದು ಮಕ್ಕೊಂಡಾಗೆಲ್ಲಾ ಹೇಳಬೇಕಂತ ಬಾಜೂಕ ಬಂದು ಕುಂಡರ್ತಿದ್ದೆ. ಬಾಯಿ ಬರಲಿಲ್ಲ."

ನಾನು ತಿರುಗಿ ಇವರ ಮುಖ ನೋಡಿದೆ. ತುಟಿ ಮುಚ್ಚಿತ್ತು. ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆಯುತ್ತಿದ್ದರು. ಮತ್ತೆ ಹೊಳೆಯ ಕಡೆ ನೋಡಿದಾಗ ದೋಣಿಯಲ್ಲಿದ್ದ ಹೆಂಗಸು ಗಂಡಸಿನ ತಲೆಯ ಮೇಲೆ ಕೈ ಇಟ್ಟಿದ್ದಳು. ಆಮೇಲೆ ಮಂಜು ಅವರನ್ನು ಮುಚ್ಚಿಕೊಂಡಿತು.

"ಮೀ ಭಾಷೇ ಕದಮ್ಮಾ?" ಎಂದರು ಅಜ್ಜಿ. ನಿಮ್ಮ ಭಾಷೆಯೇ ಅಲ್ಲವೇ ಎಂದು. ಅರ್ಥ ತಿಳಿಯದಿದ್ದರೂ ಅವರಿಗೂ ಕನ್ನಡವೇ ಕೇಳಿಸಿತ್ತು. ಯಾರೋ ನಿಮ್ಮ ಕಡೆಯವರು ಸಿಕ್ಕರಲ್ಲ ಎಂದು ಖುಷಿಪಟ್ಟರು.

ನಾನು ಇವರನ್ನು ಕೇಳಿದೆ, "ಆ ದೋಣ್ಯಾಗಿನವರು ಏನಂದ್ರು ಕೇಳಿದ್ರಿ?"

"ಯಾವ ದೋಣಿ?" ಎಂದರು. ನಟನೆ ಅನಿಸಲಿಲ್ಲ.

ಮಧ್ಯಾಹ್ನ ಮಂಜು ಕರಗಿ, ಬಿಸಿಲು ಬಿದ್ದು, ಲಾಂಚು ಪೇರಂಟಪಲ್ಲಿಯಲ್ಲಿ ನಿಂತಿತು. ಎಲ್ಲರೂ ಗುಡಿ ನೋಡಲು ಮೇಲೆ ಹತ್ತಿದರು. ಕಾಲು ನೋಯುತ್ತಿದೆ ಎಂದು ನಾನು ದಡದ ಮರಳಿನಲ್ಲೇ ಕೂತೆ. ಇವರೂ ಕೂತರು. ಅಷ್ಟು ಹೊತ್ತೂ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ನಾನು ಕೇಳಿದ ಹಾಗೆಯೇ, ಅದೇ ಶಬ್ದಗಳಲ್ಲಿ, ಅವರಿಗೆ ಒಪ್ಪಿಸಿದೆ. "ಹುಚ್ಚಿ, ಏನು ಮಾತಾಡ್ತಿ" ಎಂದು ಅವರು ನಕ್ಕುಬಿಡಲಿ ಎಂದು ನಾನು ಎಷ್ಟು ಬೇಡಿಕೊಂಡಿದ್ದೆನೋ!

ಅವರು ನಗಲಿಲ್ಲ. "ನಿನಗ ಯಾರು ಹೇಳಿದ್ರು?" ಎಂದರು.

ಸುಳ್ಳು ಎನ್ನಲಿಲ್ಲ. ಯಾರು ಹೇಳಿದರು ಎಂದಷ್ಟೇ ಕೇಳಿದರು.

"ಖರೇ ಏನ್ರಿ?"

"ಆ ಲ್ಯಾಬಿನಾಂವ ಹೇಳಿದ್ನೇನು? ನನಗ ಗೊತ್ತಿಲ್ಲದಂಗ ನೀ ಅಲ್ಲಿಗೆ ಹೋಗಿದ್ದಿ?"

"ಖರೇ ಏನ್ರಿ ಅಂತ ಕೇಳಾಕತ್ತೀನಿ."

ಹೌದು ಎಂದು ತಲೆಯಾಡಿಸಿದರು. ನಾನು ಬೆಳಿಗ್ಗೆಯ ದೋಣಿಯ ಸಂಗತಿ ಹೇಳಿದೆ, ಅಜ್ಜಿಯನ್ನು ಕೇಳಿ ಎಂದೆ. ಅವರು ಕೇಳಲಿಲ್ಲ. "ಜಗತ್ತಿನ್ಯಾಗ ಒಬ್ಬರಿಗೂ ಹೇಳಿಲ್ಲ ನಾನು. ನೀ ಹಿಂದಿಂದ ಹೋಗಿ ವಿಚಾರಿಸಿ, ಈಗ ದೋಣಿ ಕಥಿ ಕಟ್ಟಾಕತ್ತಿ" ಎಂದು ಎದ್ದು ನೀರಿನ ಅಂಚಿಗೆ ಹೋಗಿ ನಿಂತರು. ಮೋಸ ಹೋದವಳು ನಾನು. ಮೋಸ ಹೋದವರ ಮುಖ ಮಾಡಿಕೊಂಡವರು ಅವರು!

ಬಸ್ಸಾಗಿದ್ದರೆ ಅಲ್ಲೇ ಇಳಿದು ಹೋಗುತ್ತಿದ್ದೆ. ಹೊಳೆ, ಕಾಡು ಬಿಟ್ಟರೆ ಏನೂ ಇಲ್ಲದ ಕಡೆ ಎಲ್ಲಿಗೆ ಹೋಗುವುದು? ಉಳಿದ ದಾರಿಯನ್ನು ಒಂದೇ ಲಾಂಚಿನಲ್ಲಿ, ಒಂದೇ ಗುಡಿಸಿಲಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಕಳೆದೆವು. ಪಾಪಿಕೊಂಡಲು ಬೆಟ್ಟಗಳು ಎರಡೂ ಕಡೆ ಎದ್ದು ನಿಂತು ಹೊಳೆ ಕಿರಿದಾಗುತ್ತದಲ್ಲ, ಎಲ್ಲರೂ ಅದನ್ನು ನೋಡಿ ಕೂಗುತ್ತಿದ್ದಾಗ ನಾನು ನನ್ನ ತೊಡೆಯ ಮೇಲಿನ ಸೂಜಿಯ ಗಂಟುಗಳನ್ನು ಸೀರೆಯ ಮೇಲಿನಿಂದಲೇ ಸವರಿಕೊಳ್ಳುತ್ತ ಕೂತಿದ್ದೆ. ರಾಜಮಂಡ್ರಿಯಲ್ಲಿ ಇಳಿದ ಮೇಲೆ ಅಜ್ಜಿ ನನ್ನ ಗಲ್ಲ ಹಿಡಿದು ಹರಸಿದರು. ಮಕ್ಕಳಾಗಲಿ ಎಂದೇ ಹರಸಿದ್ದು.

ನಾನು ಗದಗಿಗೆ, ಅಣ್ಣನ ಮನೆಗೆ ಹೋಗಿಬಿಟ್ಟೆ. ಯಾರಿಗೂ ಕಾರಣ ಹೇಳಲಿಲ್ಲ. ಕೆಲವು ತಿಂಗಳ ಬಳಿಕ ಇವರು ಬಂದರು. ಮೊದಲು ಗದಗ ದಾಟಿ ಹುಬ್ಬಳ್ಳಿಗೆ ಹೋಗಿ, ತಾಯಿಯ ಎದುರು ನಿಂತು ನಿಜ ಹೇಳಿ ಬಂದಿದ್ದರು. ಅತ್ತೆ ತಾವಾಗಿ ನನಗೆ ಫೋನ್ ಮಾಡಿ ಅತ್ತರು. ಆಮೇಲೆ ನಾನು ಮಲ್ಕಾಜ್‌ಗಿರಿಗೆ ಮರಳಿದೆ. ಕ್ಷಮಿಸಿ ಮರಳಿದೆನೋ, ಹೋಗಲು ಬೇರೆ ಜಾಗವಿಲ್ಲದೆ ಮರಳಿದೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಮಕ್ಕಳ ಮಾತು ನಮ್ಮ ಮನೆಯಲ್ಲಿ ಅಲ್ಲಿಗೆ ನಿಂತಿತು.

ನಾನು ಲ್ಯಾಬಿಗೆ ಹೋಗಿ ವಿಚಾರಿಸಿದೆ ಎಂದೇ ಇವರು ಬಹಳ ವರ್ಷ ನಂಬಿದ್ದರು. ಜಗಳ ಬಂದಾಗಲೆಲ್ಲ, "ನೀನೂ ನನ್ನ ನಂಬಲಿಲ್ಲಲಾ" ಎಂಬ ಮಾತು ಬರುತ್ತಿತ್ತು. ಆದರೆ ಕೆಲಸದಿಂದ ನಿವೃತ್ತರಾದ ಮೇಲೆ ಒಂದು ದಿನ ಸಂಜೆ, ನಾನು ಸೊಪ್ಪು ಸೋಸುತ್ತಿದ್ದಾಗ, ಬಂದು ಎದುರು ಕೂತರು.

"ಆವತ್ತು ನೀ ಹೇಳಿದ ಮಾತುಗಳನ್ನ ನಾ ಮನಸಿನ್ಯಾಗ ಜೋಡಿಸ್ಕೊಂಡಿದ್ದೆ. ಅವೇ ಶಬ್ದ. ನಿನಗ ಹೇಳಾಕಂತಾನ ಹೊಳಿಗೆ ಕರ್ಕೊಂಡು ಹೋಗಿದ್ದೆ."

"ಮತ್ತ ಹೇಳಲಿಲ್ಲ ಯಾಕ?"

ಒಂದು ಸೊಪ್ಪಿನ ದಂಟು ಎತ್ತಿಕೊಂಡು ಎಲೆ ಬಿಡಿಸತೊಡಗಿದರು. "ಆವತ್ತು ಮುಂಜಾನೆ ಮಂಜಿನ್ಯಾಗ ಚಹಾ ಕುಡಿಯೂಮುಂದ, ಹೇಳೋದು ಬ್ಯಾಡ ಅಂತ ತೀರ್ಮಾನ ಮಾಡಿದೆ. ಎಂದೂ ಹೇಳಬಾರದು ಅಂತ."

ಇದು ನಿಜವೋ, ವಯಸ್ಸಾದ ಮೇಲೆ ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ಗೊತ್ತಿಲ್ಲ. ನಿಜವೇ ಆದರೂ, ಮನಸ್ಸಿನಲ್ಲಿ ಹೂತ ಮಾತು ಹೊಳೆಯ ಮೇಲೆ ಹೇಗೆ ಬಂತು, ವರಂಗಲ್ಲಿನ ಅಜ್ಜಿಯ ಕಿವಿಗೂ ಹೇಗೆ ಬಿತ್ತು ಎಂಬುದನ್ನು ನಾನು ಕಲಿತ ಯಾವ ವಿಜ್ಞಾನವೂ ನನಗೆ ಹೇಳಿಕೊಡಲಿಲ್ಲ. ಆ ದೋಣಿಯಲ್ಲಿ ಕೂತವರು ಯಾರೆಂದು ಯೋಚಿಸುವುದನ್ನೂ ಬಿಟ್ಟಿದ್ದೇನೆ. ಒಂದೇ ಒಂದು ಮಾತ್ರ ಬಿಡಲಾಗಿಲ್ಲ. ಆ ಹೆಂಗಸಿಗೆ ಅವಳ ಗಂಡ ತಾನಾಗಿಯೇ ಹೇಳಿದ. ಹಾಗಾಗಿ ಅವಳಿಗೆ ಅವನ ತಲೆಯ ಮೇಲೆ ಕೈ ಇಡಲು ಸಾಧ್ಯವಾಯಿತು.