ಕ್ಯೂಆರ್ ಫಲಕದ ಮೇಲಿನ ಕುಂಕುಮ

ಪೇಮೆಂಟ್ ಕಂಪನಿಯ ಸೇಲ್ಸ್‌ನಲ್ಲಿರುವ ನನಗೆ ಜೋಗೇಶ್ವರಿ ಬಡಾವಣೆಯ ಒಂದು ಖಾನಾವಳಿಯೇ ಮೊದಲ ಗಿರಾಕಿ. ವಿಜಯಪುರ ಕಡೆಯ ಗಂಡ ಹೆಂಡತಿ ನಡೆಸುತ್ತಾರೆ. ಹೋದಾಗಲೆಲ್ಲ ಆ ಅಕ್ಕ ರೊಟ್ಟಿ ತಿನ್ನಿಸದೆ ಕಳಿಸಿದವಳಲ್ಲ. ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ಮಧ್ಯಾಹ್ನ ಆಕೆಯ ಫೋನ್ ಬಂತು. "ನಿಮ್ಮ ಕೋಡ್ ಸ್ಕ್ಯಾನ್ ಆಗವಲ್ದು ಮೇಡಮ್, ಲಗೂನ ಬರ್ರಿ."

ಹೋಗಿ ನೋಡಿದರೆ ಚೂರಿ, ಮಿಕ್ಸರ್ ಜೊತೆಗೆ ನಮ್ಮ ಕ್ಯೂಆರ್ ಫಲಕಕ್ಕೂ ಪೂಜೆಯಾಗಿತ್ತು. ಕೋಡಿನ ನಟ್ಟನಡುವೆ ದಪ್ಪಗೆ ಕುಂಕುಮ. ಊಟ ಮುಗಿಸಿದವರು ಮೊಬೈಲ್ ಹಿಡಿದು ಸಾಲುಗಟ್ಟಿದ್ದರು.

"ಒರೆಸಿಬಿಡಿ ಅಕ್ಕಾ, ಸರಿಹೋಗುತ್ತೆ" ಎಂದೆ.

ಆಕೆ ಕೈ ಹಿಂದಕ್ಕೆಳೆದುಕೊಂಡಳು. "ಮುತ್ತೈದಿ ಆಗಿ ಹಬ್ಬದ ದಿನ ಕುಂಕುಮ ಹ್ಯಾಂಗ ಒರಸ್ಲಿ? ಅದಕ್ಕ ನಿಮ್ಮನ್ನ ಕರಸೇನಿ. ನಿಮಗೇನ್ರಿ, ಯಜಮಾನ್ರು ತೀರಿ ವರ್ಷಾತು. ನೀವು ಒರಸ್ರಿ."

ಚುಚ್ಚಿ ಆಡಿದ ಮಾತಲ್ಲ. ರೊಟ್ಟಿ ಬಡಿಸುವಾಗಿನ ಅದೇ ದನಿ. ಬ್ಯಾಗಿಗೆ ಹಾಕಿದ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಕರ್ಚೀಫ್ ತೆಗೆದು ಒರೆಸಿದೆ. ಸ್ಕ್ಯಾನ್ ಆಯಿತು.

ಸಂಜೆ ಆಫೀಸಿನ ದೂರಿನ ಫಾರ್ಮಿನಲ್ಲಿ ಕೊನೆಯ ಪ್ರಶ್ನೆ: ಇದನ್ನು ಗಿರಾಕಿಯೇ ಸರಿಪಡಿಸಿಕೊಳ್ಳಬಹುದಿತ್ತೇ?

'ಇಲ್ಲ' ಎಂಬುದಕ್ಕೆ ಟಿಕ್ ಹಾಕಿದೆ.